ಬಾಗಿಲಲ್ಲಿ ನಿಂತು ಕಟ್ಟಿದ ಅಡುಗೆಮನೆ

ಅಡುಗೆಮನೆಯನ್ನು ತಾವೇ, ಕಡಿಮೆ ಖರ್ಚಿನಲ್ಲಿ, ಒಂದೇ ವಾರಾಂತ್ಯದಲ್ಲಿ ಹೊಸದು ಮಾಡಲು ಹೊರಟ ಯಜಮಾನರನ್ನು ಗುರುತಿಸುವುದು ಕಷ್ಟವಲ್ಲ. ಕೈಯಲ್ಲಿ ಡ್ರಿಲ್, ಕಿವಿಯ ಮೇಲೆ ಪೆನ್ಸಿಲ್, ತಲೆಯ ತುಂಬ ಹಿಂದಿನ ರಾತ್ರಿ ನೋಡಿದ ಯೂಟ್ಯೂಬ್ ವಿಡಿಯೊಗಳು. ಬೆಂಗಳೂರಿನ ಬಡಾವಣೆಗಳಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಮೈಸೂರು, ಹುಬ್ಬಳ್ಳಿಗಳೂ ಹಿಂದೆ ಬಿದ್ದಿಲ್ಲ. ಮಾಡ್ಯುಲರ್ ಕಿಚನ್ ಅಂಗಡಿಯವನು ಲಕ್ಷಗಳಲ್ಲಿ ಮಾತಾಡಿದ ದಿನವೇ ಅವರ ಸ್ವಾಭಿಮಾನ ಕೆರಳಿರುತ್ತದೆ. ‘ನಾಲ್ಕು ಹಲಗೆ, ನಾಲ್ಕು ಸ್ಕ್ರೂ, ಇದಕ್ಕೆ ಅಷ್ಟು ದುಡ್ಡೇ?’ ಎಂದವರೇ ಎಸ್.ಪಿ. ರಸ್ತೆಗೆ ಹೋಗಿ ಡ್ರಿಲ್ ಕೊಂಡು ತರುತ್ತಾರೆ. ಆ ವರ್ಷದ ಆಯುಧಪೂಜೆಯಲ್ಲಿ ಸ್ಕೂಟರಿಗಿಂತ ಮೊದಲು ಅದಕ್ಕೇ ಕುಂಕುಮ. ಇಂಥವರ ಅಡುಗೆಮನೆ ಕೆಟ್ಟರೆ ಜನ ಜೇಬನ್ನೋ ಕೈಚಳಕವನ್ನೋ ದೂರುತ್ತಾರೆ. ನನಗೆ ಕಾಣುವ ಕಾರಣವೇ ಬೇರೆ. ಯಜಮಾನರು ಅಡುಗೆಮನೆಯನ್ನು ಯಾವಾಗಲೂ ನೋಡಿದ್ದು ಬಾಗಿಲಲ್ಲಿ ನಿಂತು, ‘ಕಾಫಿ ಆಯ್ತಾ?’ ಎಂದು ಕೇಳುವಾಗ. ಹಾಗಾಗಿ ಅವರು ಕಟ್ಟುವುದೂ ಬಾಗಿಲಿಗೆ ಕಾಣುವ ಅಡುಗೆಮನೆಯನ್ನೇ.

ಅವರು ಮೊದಲು ಕೈಹಾಕುವುದು ಯಾವುದಕ್ಕೆಂದು ನೋಡಿ. ಸಿಂಕಿನ ಕೆಳಗಿನ ಪೈಪು ಎಷ್ಟೋ ದಿನದಿಂದ ತೊಟ್ಟಿಕ್ಕುತ್ತಿದೆ, ಅದರಡಿ ಐಸ್‌ಕ್ರೀಮಿನ ಹಳೇ ಡಬ್ಬಿ ಇಟ್ಟಿದೆ. ಎಕ್ಸಾಸ್ಟ್ ಫ್ಯಾನಿಗೆ ಜಿಡ್ಡು ಹತ್ತಿ ಅದು ತಿರುಗುವುದಕ್ಕಿಂತ ನರಳುವುದೇ ಹೆಚ್ಚು. ಟೈಲ್ಸ್ ಸಂದಿನ ಬಿಳಿ ಸಿಮೆಂಟು ಅರಿಶಿನ ಕುಡಿದು ಹಳದಿಯಾಗಿದೆ. ಇವು ಯಾವುವೂ ಬಾಗಿಲಿಗೆ ಕಾಣುವುದಿಲ್ಲ. ಆದ್ದರಿಂದ ಯಜಮಾನರು ಅಮೃತಶಿಲೆಯ ಚಿತ್ರವಿರುವ ಪಿವಿಸಿ ಸ್ಟಿಕರ್ ಸುರುಳಿ ತರಿಸಿ ಒಲೆಯ ಹಿಂದಿನ ಗೋಡೆಗೆ ಅಂಟಿಸುತ್ತಾರೆ. ಆ ಕೆಲಸವೇನೂ ಸಲೀಸಲ್ಲ. ಒಳಗೆ ಗುಳ್ಳೆ ಏಳುತ್ತದೆ, ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಉಜ್ಜಿ ಉಜ್ಜಿ ಅದನ್ನು ಅಂಚಿಗೆ ಓಡಿಸಬೇಕು. ಗುಳ್ಳೆ ಅಂಚು ತಲುಪುವಷ್ಟರಲ್ಲಿ ಹಾಳೆ ಸೊಟ್ಟಗಾಗಿ, ಈ ಅಮೃತಶಿಲೆಯ ಗೆರೆ ಪಕ್ಕದ ಅಮೃತಶಿಲೆಗೆ ಕೂಡುವುದಿಲ್ಲ. ಅದನ್ನೂ ಕ್ಷಮಿಸಬಹುದು. ಆದರೆ ಕೆಲವು ವಾರಗಳ ಒಗ್ಗರಣೆಯ ಕಾವಿಗೆ ಅಂಟು ಸಡಿಲಗೊಂಡು, ಮೂಲೆ ಮುದುರಿಕೊಂಡು, ಅಮೃತಶಿಲೆ ಬರ್ನರಿನ ಕಡೆಗೆ ಬಾಗತೊಡಗುತ್ತದೆ. ಒಲೆ ಮುಂದೆ ನಿಲ್ಲುವವರನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು. ಬಿಸಿ ಎಣ್ಣೆಗೆ ಬಿದ್ದ ಸಾಸಿವೆ ಎಲ್ಲಿಯವರೆಗೆ ಸಿಡಿಯುತ್ತದೆಂಬ ಲೆಕ್ಕ ಅವರ ಮುಂಗೈಗೆ ಗೊತ್ತು.

ಗೋಡೆಯಾದ ಮೇಲೆ ಡಬ್ಬಿಗಳ ಸರದಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಕಡಲೆಬೇಳೆ, ಬೋರ್ನ್‌ವಿಟಾ ಡಬ್ಬದಲ್ಲಿ ರವೆ, ತುಪ್ಪದ ಜಾಡಿಯಲ್ಲಿ ಹುಣಸೆಹಣ್ಣು ಇರುವುದು ಯಜಮಾನರ ಕಣ್ಣಿಗೆ ಅವ್ಯವಸ್ಥೆ. ಅವನ್ನೆಲ್ಲ ಹಳೇ ಸಾಮಾನಿನವನಿಗೆ ಹಾಕಿ, ಒಂದೇ ಅಳತೆಯ ಗಾಜಿನ ಜಾಡಿಗಳ ಸೆಟ್ಟು ತರಿಸಿ, ಚೀಟಿ ಅಂಟಿಸಿ, ಚೀಟಿಯ ಮುಖವನ್ನು ಬಾಗಿಲ ಕಡೆ ತಿರುಗಿಸಿ ಜೋಡಿಸುತ್ತಾರೆ. ಎರಡು ಕಿಲೋ ತೊಗರಿಬೇಳೆ ಆ ಜಾಡಿಯಲ್ಲಿ ಹಿಡಿಯುವುದಿಲ್ಲ. ಐವತ್ತು ಗ್ರಾಂ ಓಮ ತಳದಲ್ಲಿ ಹುಡುಕಿದರೂ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ‘ರೀ, ಮೆಂತ್ಯ ಎಲ್ಲಿಟ್ರಿ?’ ಎಂಬ ಪ್ರಶ್ನೆ ಬಂದಾಗ ‘ಚೀಟಿ ಇದೆಯಲ್ಲೇ, ಓದಿಕೋಬಾರದಾ?’ ಎಂಬ ಉತ್ತರ ಹಾಲ್‌ನಿಂದಲೇ ಹೋಗುತ್ತದೆ. ಅಡುಗೆಮನೆಯಲ್ಲಿ ಓದುವವರು ಯಾರು? ಬೆಳಗಿನ ಮಂಪರಿನಲ್ಲೂ ಜೀರಿಗೆ ಎಲ್ಲಿದೆಯೆಂದು ಕೈಗೆ ಗೊತ್ತಿರುತ್ತದೆ, ಆ ಕೈಗೆ ದಾರಿ ತಪ್ಪಿಸಿದ್ದೇ ಈ ಸುಧಾರಣೆಯ ಫಲ. ಜಾಡಿಗಳಿರುವ ಶೆಲ್ಫನ್ನು ಮೊಳೆ ಹೊಡೆದವರ ಕಣ್ಣಿನ ಎತ್ತರಕ್ಕೆ ಕೂರಿಸಿರುತ್ತಾರೆ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ 5 ಅಡಿಯ ಆಸುಪಾಸು ಎಂಬುದನ್ನು ಯಾವ ವಿಡಿಯೊವೂ ಅವರಿಗೆ ಹೇಳಿರುವುದಿಲ್ಲ. ಹೀಗಾಗಿ ಅಡುಗೆಮನೆಗೆ ಒಂದು ಸ್ಟೂಲು ಕೂಡ ಬರುತ್ತದೆ.

ನಗು ನಿಲ್ಲುವುದು ಸಿಲಿಂಡರಿನ ಹತ್ತಿರ. 14.2 ಕಿಲೋದ ಆ ಕೆಂಪು ಉರುಳೆ ಬಾಗಿಲಿಗೆ ಅಂದವಾಗಿ ಕಾಣುವುದಿಲ್ಲ ಎಂದು ಅದಕ್ಕೊಂದು ಪ್ಲೈವುಡ್ ಬಾಗಿಲು ಮಾಡಿ, ಅದು ಒಂದಿಷ್ಟೂ ಸಂದಿಲ್ಲದಂತೆ ಕೂತಿತೆಂದು ಯಜಮಾನರು ಬೀಗುತ್ತಾರೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗದೆ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ, ಆದ್ದರಿಂದ ಆ ಕಪಾಟಿನ ತಳದಲ್ಲಿ ಗಾಳಿಗೆ ದಾರಿ ಇರಲೇಬೇಕು. ಸಂದಿಲ್ಲದ ಬಾಗಿಲು ಇಲ್ಲಿ ಬಡಗಿತನದ ಹೆಮ್ಮೆಯಲ್ಲ, ತಪ್ಪು. ಬಾಗಿಲಲ್ಲಿ ನಿಂತವನಿಗೆ ವಾಸನೆ ಬರುವುದು ತಡವಾಗಿ.

ಇದನ್ನೆಲ್ಲ ಒಪ್ಪದವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಅಡ್ವಾನ್ಸ್ ಕೈಗೆ ಬಿದ್ದ ಮೇಲೆ ‘ನಾಳೆ ಬರ್ತೀನಿ ಸಾರ್’ ಎನ್ನುವ ಬಡಗಿಯನ್ನು ಕಾಯುತ್ತ ಹಬ್ಬಗಳೇ ಕಳೆದುಹೋಗುವುದುಂಟು. ಬಾಡಿಗೆದಾರರ ಪಾಡು ಇನ್ನೂ ಬಿಗಿ. ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳದ್ದನ್ನು ಕಳೆದುಕೊಳ್ಳುವ ರೂಢಿಯಿರುವಾಗ, ಕಿತ್ತುಹಾಕಬಹುದಾದ ಸ್ಟಿಕರ್ ಜಾಣತನವೇ. ಆದರೆ ಉಳಿತಾಯದ ಲೆಕ್ಕವನ್ನು ಮಾತ್ರ ಯಜಮಾನರ ಪುಸ್ತಕದಲ್ಲಿ ನೋಡಬಾರದು. ಅದರಲ್ಲಿ ಪ್ಲೈವುಡ್ ಇರುತ್ತದೆ, ಡ್ರಿಲ್ ಇರುವುದಿಲ್ಲ, ‘ಅದು ಮನೆಗೆ ಹೇಗೂ ಬೇಕಿತ್ತು’. ಒಲೆ ಹಚ್ಚಲಾಗದ ದಿನಗಳಲ್ಲಿ ತರಿಸಿದ ಮಸಾಲೆದೋಸೆ ಇರುವುದಿಲ್ಲ. ನಲ್ಲಿಯ ನೇರ ಮೇಲಕ್ಕೆ ಗೋಡೆಯೊಳಗೆ ಪೈಪು ಹೋಗಿರುತ್ತದೆಂಬುದು ಮೊದಲ ತೂತಿನಲ್ಲೇ ತಿಳಿದು, ಯಜಮಾನರು ಹೆಬ್ಬೆರಳನ್ನು ತೂತಿಗೆ ಒತ್ತಿ ಹಿಡಿದು, ಮಗ ಟೆರೇಸಿಗೆ ಓಡಿ ಟ್ಯಾಂಕಿನ ವಾಲ್ವ್ ತಿರುಗಿಸಿ, ಆಮೇಲೆ ಬಂದ ಪ್ಲಂಬರಿಗೆ ಕೊಟ್ಟದ್ದಂತೂ ಮೊದಲೇ ಇರುವುದಿಲ್ಲ.

ಗಟ್ಟಿ ಆಕ್ಷೇಪ ಇನ್ನೊಂದು. ಅಡುಗೆಮನೆ ಕಟ್ಟುವವನಿಗೆ ಅಡುಗೆ ಬರಲೇಬೇಕೆ? 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ವಸತಿ ಯೋಜನೆಗೆಂದು ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಅಡುಗೆಮನೆ ರೂಪಿಸಿದರು. ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಮೂರೂವರೆ ಮೀಟರಿನೊಳಗೆ. ಸುಮಾರು 10,000 ಮನೆಗಳಿಗೆ ಅದನ್ನು ಕೂರಿಸಿದರು. ಇವತ್ತಿನ ಮಾಡ್ಯುಲರ್ ಕಿಚನ್ನಿನ ಮೂಲ ಅದೇ. ಅದನ್ನು ರೂಪಿಸುವ ಮುಂಚೆ ತಾವು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಆಕೆಯೇ ಮುಂದೆ ಹೇಳಿದ್ದರು. ಯಜಮಾನರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಆದರೆ ಆಕೆ ಮಾಡಿದ್ದೇನು? ಅಡುಗೆ ಮಾಡುವವರ ಹೆಜ್ಜೆ ಮತ್ತು ಸಮಯವನ್ನು ಅಳೆದ ಅಧ್ಯಯನಗಳನ್ನು ಓದಿದರು, ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡುಗೆಮನೆಗಳನ್ನು ಪರಿಶೀಲಿಸಿದರು, ಯಾವ ಸಾಮಾನಿಗೆ ಕೈ ಎಷ್ಟು ದೂರ ಚಾಚಬೇಕೆಂದು ಲೆಕ್ಕ ಹಾಕಿದರು. ನಮ್ಮ ಯಜಮಾನರ ಟೇಪು ಗೋಡೆಯನ್ನು ಮೂರು ಸಲ ಅಳೆಯುತ್ತದೆ, ಅಡುಗೆ ಮಾಡುವವರ ತೋಳನ್ನು ಒಂದು ಸಲವೂ ಅಳೆಯುವುದಿಲ್ಲ.

‘ಹೇಗೋ ಗಂಡಸು ಅಡುಗೆಮನೆಗೆ ಕಾಲಿಟ್ಟನಲ್ಲ, ಅದಕ್ಕಾದರೂ ಖುಷಿಪಡಿ’ ಎನ್ನುವವರೂ ಇದ್ದಾರೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಮಾಡುವ ಗಂಡಸರೇ ನೂರಕ್ಕೆ 26ರಷ್ಟು. ಡ್ರಿಲ್ ಹಿಡಿದು ಒಳಗೆ ಬಂದ ಯಜಮಾನರು ಈ ಅಂಕಿಯನ್ನು ಏರಿಸುವುದು ಎರಡೇ ದಿನ. ಕೆಲಸ ಮುಗಿದ ಮೇಲೆ ಗೋಡೆಯ ಧೂಳು ಒರೆಸುವ ನಿಮಿಷಗಳು ಬೇರೆಯವರ ಖಾತೆಗೆ ಹೋಗುತ್ತವೆ. ನಿಜ ಹೇಳಬೇಕೆಂದರೆ ಕಡಿಮೆ ಖರ್ಚಿನ ಅಡುಗೆಮನೆ ಸುಧಾರಣೆ ನಮ್ಮಲ್ಲಿ ಎಂದೂ ನಿಂತದ್ದೇ ಇಲ್ಲ. ಹಬ್ಬದ ಮುಂಚೆ ಕಡಪ ಕಲ್ಲಿನ ಶೆಲ್ಫಿಗೆ ಹೊಸ ಪೇಪರ್ ಹಾಸಿದ್ದು, ಟೀ ಸೋಸುವ ಜಾಲರಿಗೆ ಒಲೆಯ ಪಕ್ಕದಲ್ಲೇ ಮೊಳೆ ಹೊಡೆಸಿದ್ದು, ಆ ಹಾರ್ಲಿಕ್ಸ್ ಬಾಟಲಿಗಳನ್ನು ತೊಳೆದು ಒಣಗಿಸಿ ಸಾಲಿಟ್ಟದ್ದು, ಇವೆಲ್ಲ ಅದೇ. ಯಾರೂ ಅದರ ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಲಿಲ್ಲ, ಅಷ್ಟೇ.

ಹಾಗಾದರೆ ಯಜಮಾನರ ಕೈಯಿಂದ ಡ್ರಿಲ್ ಕಿತ್ತುಕೊಳ್ಳಬೇಕೇ? ಬೇಡ. ಅದೇ ದುಡ್ಡಿನಲ್ಲಿ ಸಿಂಕಿನ ಪೈಪು ಬದಲಾಗಲಿ, ಟೈಲ್ಸ್ ಸಂದಿಗೆ ಎಪಾಕ್ಸಿ ತುಂಬಲಿ, ಫ್ಯಾನು ತೊಳೆಯಲಿ. ಮುಖ್ಯವಾಗಿ, ದೀಪ ನಡುಮನೆಯ ಹಾಗೆ ಚಾವಣಿಯ ಮಧ್ಯದಲ್ಲಿರುವುದರಿಂದ ಅಡುಗೆ ಮಾಡುವವರ ನೆರಳು ಅವರ ಬಾಣಲೆಗೇ ಬೀಳುತ್ತದೆ. ಒಲೆಯ ಮೇಲೊಂದು ಸಣ್ಣ ಬಲ್ಬು ಹಾಕಿಸಿದರೆ ಈರುಳ್ಳಿ ಕೆಂಪಾಯಿತೋ ಕಪ್ಪಾಯಿತೋ ಕಾಣುತ್ತದೆ. ಇದಕ್ಕೆ ಯಜಮಾನರು ಒಪ್ಪುವುದೂ ಉಂಟು. ಆದರೆ ಆ ಬಲ್ಬು ಮೊಬೈಲಿನಿಂದ ಹೊತ್ತಿಕೊಳ್ಳುವಂಥದ್ದಾಗಿರಬೇಕು, ಮೊಬೈಲು ಅವರದ್ದೇ ಆಗಿರಬೇಕು.