ಆನ್‌ಲೈನ್ ಅಂಗಡಿಯ ಸಾಹುಕಾರರಿಗೆ ಸಪೋರ್ಟ್ ಹುಡುಗನ ಅರಿಕೆ

ಸನ್ಮಾನ್ಯ ಸಾಹುಕಾರರ ಸನ್ನಿಧಾನಕ್ಕೆ,

ಉಭಯ ಕುಶಲೋಪರಿ ಸಾಂಪ್ರತ. ಇತ್ತ ನಾನು ಬಿಟಿಎಂ ಲೇಔಟಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಹೆಡ್‌ಫೋನ್ ತೊಟ್ಟು ಕ್ಷೇಮವಾಗಿದ್ದೇನೆ. ಅತ್ತ ತಾವು ಕ್ಷೇಮವಾಗಿಲ್ಲ ಎಂಬುದು ಬೆಳಿಗ್ಗೆಯಿಂದ ಬರುತ್ತಿರುವ ದೂರಿನ ಟಿಕೆಟ್‌ಗಳಿಂದ ತಿಳಿಯಿತು. ಎಲ್ಲದರ ತಲೆಬರಹವೂ ‘ಅರ್ಜೆಂಟ್’. ಒಕ್ಕಣೆಯೂ ಒಂದೇ: ‘ಸೈಟ್ ವರ್ಕ್ ಆಗ್ತಿಲ್ಲ, ಬೇಗ ನೋಡಿ.’ ಯಾವ ಪುಟ, ಯಾವ ಆರ್ಡರ್, ಯಾವಾಗಿನಿಂದ ಎಂಬ ಚಿಲ್ಲರೆ ವಿವರ ಕೊಟ್ಟು ನನ್ನ ಸಮಯ ಹಾಳು ಮಾಡದ ತಮ್ಮ ದೊಡ್ಡತನಕ್ಕೆ ಮೊದಲ ನಮಸ್ಕಾರ.

ಹಾಗಂತ ಸಾಕ್ಷ್ಯ ಕಳಿಸಿಲ್ಲ ಎನ್ನುವಂತಿಲ್ಲ. ಕಂಪ್ಯೂಟರ್ ಪರದೆಯನ್ನು ಫೋನಿನಲ್ಲಿ ಕ್ಲಿಕ್ಕಿಸಿದ ಒಂದು ಫೋಟೋ ಇದೆ. ಅದರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಇದೆ, ಕೀಬೋರ್ಡಿನ ಪಕ್ಕ ಅರ್ಧ ಖಾಲಿಯಾದ ಕೋಡುಬಳೆ ತಟ್ಟೆ ಇದೆ, ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತು ಸಂಕಷ್ಟಿ ಎಂಬುದೂ ಓದಲು ಸಿಗುತ್ತದೆ. ಎರರ್ ಮೆಸೇಜ್ ಮಾತ್ರ ಚೌಕಟ್ಟಿನ ಆಚೆ ಉಳಿದಿದೆ.

ಆಗ ನಾನು ಕೇಳುವ ಪ್ರಶ್ನೆ ನಿಮಗೆ ಬಾಯಿಪಾಠವಾಗಿದೆ: ‘ಈಚೆಗೆ ಏನಾದರೂ ಬದಲಾಯಿಸಿದಿರಾ ಸಾರ್?’ ನಿಮ್ಮ ಉತ್ತರ ನನಗೆ ಬಾಯಿಪಾಠ: ‘ನಾವು ಏನೂ ಮುಟ್ಟಿಲ್ಲಪ್ಪ.’ ಲಾಗ್ ತೆಗೆದರೆ ಬೇರೆಯೇ ಕತೆ. ನಿನ್ನೆ ರಾತ್ರಿ ಹನ್ನೊಂದೂಮುಕ್ಕಾಲಿಗೆ ನಿಮ್ಮ ಅಡ್ಮಿನ್ ಖಾತೆಯಿಂದ ಯಾರೋ ಒಳಗೆ ಬಂದು, ದೀಪಾವಳಿ ಹತ್ತಿರ ಬಂತೆಂದು ಪರದೆ ತುಂಬ ಚೆಂಡುಹೂವಿನ ಎಸಳು ಉದುರಿಸುವ ಪ್ಲಗಿನ್ ಹಾಕಿ ಹೋಗಿದ್ದಾರೆ. ವಿಚಾರಿಸಿದರೆ, ‘ಓ, ಅದಾ? ಅದು ನಮ್ಮಕ್ಕನ ಮಗ. ಡಿಪ್ಲೊಮಾ ಓದ್ತಿದಾನೆ. ಕಂಪ್ಯೂಟರ್‌ನಲ್ಲಿ ಭಾಳ ಚುರುಕು.’

ಚುರುಕು, ಅನುಮಾನವೇ ಇಲ್ಲ. ಎಸಳು ಸೊಗಸಾಗಿ ಉದುರುತ್ತಿವೆ. ಆದರೆ ಆ ಎಸಳುಗಳನ್ನು ಹೊತ್ತ, ಕಣ್ಣಿಗೆ ಕಾಣದ ಪದರವೊಂದು ಇಡೀ ಪುಟದ ಮೇಲೆ ಹರಡಿಕೊಂಡಿದೆ. ‘ಪ್ಲೇಸ್ ಆರ್ಡರ್’ ಅಂತ ಒತ್ತುವ ಗಿರಾಕಿಯ ಬೆರಳು ಪದರಕ್ಕೆ ತಾಗುತ್ತದೆ, ಬಟನ್ನಿಗೆ ತಾಗುವುದಿಲ್ಲ. ಇಳಕಲ್ ಸೀರೆ ಕೊಳ್ಳಲು ಬಂದ ಹೆಂಗಸರು ಬೆಳಿಗ್ಗೆಯಿಂದ ಹೂವನ್ನೇ ಒತ್ತುತ್ತಿದ್ದಾರೆ.

ಇಂಥ ಕೆಡುಕನ್ನು ಖಚಿತವಾಗಿ ಪತ್ತೆ ಹಚ್ಚುವ ವಿದ್ಯೆ ನಮ್ಮಲ್ಲಿ ಒಂದೇ ಒಂದು. ಎಲ್ಲ ಪ್ಲಗಿನ್‌ಗಳನ್ನು ಆಫ್ ಮಾಡಿ, ಥೀಮನ್ನು ಸಾಫ್ಟ್‌ವೇರಿನ ಜೊತೆಗೇ ಬರುವ ಬೋಳು ಥೀಮ್‌ಗೆ ಬದಲಿಸಿ, ಆಮೇಲೆ ಒಂದೊಂದಾಗಿ ಹಚ್ಚುತ್ತ ಬರುವುದು. ಯಾವುದನ್ನು ಹಚ್ಚಿದಾಗ ಕೆಡುತ್ತದೋ ಅದೇ ಕಳ್ಳ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ನಾನು ಮಾಡುತ್ತಿರುವ ಕೆಲಸ ಇದು. ಇದಕ್ಕೂ ತಾವು ಒಪ್ಪುವುದಿಲ್ಲ. ‘ಥೀಮ್ ಒಂದು ಮುಟ್ಟಬೇಡಿ, ಹುಡುಗ ರಾತ್ರಿಯೆಲ್ಲ ಕೂತು ಮಾಡಿದ್ದು.’

ಸಾಹುಕಾರರೇ, ಚಿಕ್ಕಪೇಟೆಯಲ್ಲಿ ಅಂಗಡಿ ಹಾಕಿದರೆ ಮಳಿಗೆ ಯಾರದು, ಬೀಗದಕೈ ಯಾರ ಹತ್ತಿರ ಇದೆ, ಗಲ್ಲಾದ ಮೇಲೆ ಯಾರು ಕೂತಿದ್ದಾರೆ ಎಂಬುದು ನಿಮಗೆ ನಿದ್ದೆಗಣ್ಣಲ್ಲೂ ಗೊತ್ತು. ಆನ್‌ಲೈನಿನಲ್ಲಿ ಮಳಿಗೆ ಹೋಸ್ಟಿಂಗ್‌ನವರದು, ಬೋರ್ಡು ಡೊಮೈನ್ ಮಾರಿದವರದು, ಗಲ್ಲಾ ಪೇಮೆಂಟ್ ಗೇಟ್‌ವೇಯವರದು, ಓಟಿಪಿ ಬ್ಯಾಂಕಿನದು, ಸಾಗಾಟ ಕೊರಿಯರ್‌ನವರದು, ಅಲಂಕಾರ ಅಕ್ಕನ ಮಗನದು. ಇನ್ನು ಸಾಫ್ಟ್‌ವೇರ್. ತಮ್ಮ ಅಂಗಡಿ ನಡೆಯುವ ವೂಕಾಮರ್ಸ್ ಅನ್ನು 2011ರಲ್ಲಿ ಕೇಪ್‌ಟೌನ್‌ನ ವೂಥೀಮ್ಸ್‌ನವರು ಜಿಗೋಶಾಪ್ ಎಂಬ ಇನ್ನೊಂದು ಸಾಫ್ಟ್‌ವೇರಿನಿಂದ ಕವಲೊಡೆಸಿ ಬಿಟ್ಟರು, 2015ರಲ್ಲಿ ಆಟೋಮ್ಯಾಟಿಕ್ ಎಂಬ ಕಂಪನಿ ಕೊಂಡುಕೊಂಡಿತು. ಇಳಿಸಿಕೊಳ್ಳಲು ಕಾಸು ಬೇಡ. ಯಾವ ವಾರಂಟಿಯೂ ಇಲ್ಲ ಎಂದು ಅದರ ಜಿಪಿಎಲ್ ಲೈಸೆನ್ಸಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆದಿದೆ, ಯಾರೂ ಓದುವುದಿಲ್ಲ. ಇಷ್ಟು ಜನರ ಪೈಕಿ ಫೋನ್ ಎತ್ತುವವನು ನಾನೊಬ್ಬ. ಆದ್ದರಿಂದ ತಪ್ಪೂ ನನ್ನದೇ ಎಂಬ ತಮ್ಮ ತೀರ್ಮಾನದಲ್ಲಿ ತರ್ಕದೋಷ ಏನೂ ಇಲ್ಲ.

ಎಲ್ಲಕ್ಕಿಂತ ಜೋರಾಗಿ ಬರುವ ಫೋನು ಯಾವುದು ಹೇಳಲೇ? ‘ದುಡ್ಡು ಕಟ್ ಆಗಿದೆ, ಆರ್ಡರ್ ಬಂದಿಲ್ಲ.’ ಗಿರಾಕಿ ನಿಮಗೆ ಬೈಯುತ್ತಾರೆ, ನೀವು ನನಗೆ ಬೈಯುತ್ತೀರಿ. ನಾನು ಗೇಟ್‌ವೇಗೆ ಇಮೇಲ್ ಬರೆಯುತ್ತೇನೆ. ನಮ್ಮ ಸಂಬಂಧವನ್ನು ಅವರು ಎಷ್ಟು ಗೌರವಿಸುತ್ತಾರೆ ಎಂಬ ಉತ್ತರ ತಕ್ಷಣ ಬರುತ್ತದೆ. ಬೈಗುಳ ಅಲ್ಲಿಗೆ ನಿಲ್ಲುತ್ತದೆ, ಯಾಕೆಂದರೆ ಆಚೆ ಬೈಸಿಕೊಳ್ಳಲು ಮನುಷ್ಯರಿಲ್ಲ.

ಒಂದು ಸಲ ಸಮಾಧಾನವಾಗಿ ಕೇಳಿ. ಗೇಟ್‌ವೇಯ ಡ್ಯಾಶ್‌ಬೋರ್ಡ್ ತೆರೆದು ಆ ಮೊತ್ತ ಹುಡುಕಿ. ಪಾವತಿ ಯಶಸ್ವಿ ಎಂದು ಕಂಡರೆ ದುಡ್ಡು ನಿಮ್ಮ ಲೆಕ್ಕಕ್ಕೇ ಬಂದಿದೆ, ಸುದ್ದಿ ಮಾತ್ರ ಅಂಗಡಿಗೆ ತಲುಪಿಲ್ಲ. ಆರ್ಡರನ್ನು ಕೈಯಾರೆ ‘ಪ್ರೊಸೆಸಿಂಗ್’ಗೆ ಬದಲಿಸಿ ಸೀರೆ ಕಳಿಸಿ. ಕಾಣದಿದ್ದರೆ ದುಡ್ಡು ಬ್ಯಾಂಕಿನ ದಾರಿಯಲ್ಲೆಲ್ಲೋ ಇದೆ. ಅದಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲೇ ಸುತ್ತೋಲೆ ಹೊರಡಿಸಿದೆ: ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ಖಾತ್ರಿ ತಲುಪದಿದ್ದರೆ, ಆ ದಿನದಿಂದ ಐದು ದಿನದೊಳಗೆ ಹಣ ತಾನಾಗಿ ವಾಪಸ್ ಹೋಗಬೇಕು. ತಡವಾದರೆ ದಿನಕ್ಕೆ ₹100ರಂತೆ ಪರಿಹಾರ, ಅದೂ ಗಿರಾಕಿ ದೂರು ಕೊಡುವ ತನಕ ಕಾಯದೆ. ಇದನ್ನು ಗಿರಾಕಿಗೆ ನೀವೇ ಹೇಳಿದರೆ ನಿಮ್ಮ ಮರ್ಯಾದೆ ಹೆಚ್ಚುತ್ತದೆ. ನನಗೆ ಫೋನ್ ಮಾಡಿ ‘ನೀನೇ ಮಾತಾಡು’ ಎಂದು ಕಾನ್ಫರೆನ್ಸ್ ಕಾಲ್ ಹಾಕುವುದು ತಮಗೆ ಸಲೀಸು, ಅದು ಬೇರೆ ಮಾತು.

2020 ನೆನಪಿದೆಯೇ? ಆ ಫೆಬ್ರವರಿಯಲ್ಲಿ ಕ್ರೋಮ್‌ನ 80ನೇ ಆವೃತ್ತಿ ಬಂತು. ಬೇರೆ ಸೈಟು ಗಿರಾಕಿಯನ್ನು ಫಾರಂ ಸಲ್ಲಿಸುವ (POST) ರೀತಿಯಲ್ಲಿ ವಾಪಸ್ ಕಳಿಸುವಾಗ, ಗಿರಾಕಿಯ ಗುರುತು ಹಿಡಿಯುವ ಅಂಗಡಿಯ ಕುಕೀ ಜೊತೆಗೆ ಬರಬೇಕಾದರೆ ಅಂಗಡಿಯೇ ಅದನ್ನು ಸ್ಪಷ್ಟವಾಗಿ ಹೇಳಿರಬೇಕು ಎಂಬುದು ಹೊಸ ನಿಯಮ. ಹೇಳದ ಅಂಗಡಿಗಳಲ್ಲಿ ಏನಾಯಿತು? ಗೇಟ್‌ವೇಯಲ್ಲಿ ದುಡ್ಡು ಕಟ್ಟಿ ಬಂದ ಗಿರಾಕಿಯ ಗುರುತೇ ಸಿಗದೆ ಅಂಗಡಿ ‘ದಯವಿಟ್ಟು ಲಾಗಿನ್ ಆಗಿ’ ಎಂದಿತು. ಕಾರ್ಟ್ ಖಾಲಿ, ಆರ್ಡರ್ ಪೆಂಡಿಂಗ್. ಬದಲಾವಣೆಯ ಸುದ್ದಿ 2019ರ ಮೇ ತಿಂಗಳಲ್ಲೇ ಪ್ರಕಟವಾಗಿತ್ತು. ಕೊರೊನಾ ಬಂತೆಂದು ಗೂಗಲ್ ಏಪ್ರಿಲ್‌ನಲ್ಲಿ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡು ಜುಲೈಯಲ್ಲಿ ಮತ್ತೆ ಜಾರಿಗೆ ತಂದಿತು. ನಡುವೆ ಗೇಟ್‌ವೇ ಪ್ಲಗಿನ್ ಅಪ್‌ಡೇಟ್ ಮಾಡಿ ಎಂದು ತಮಗೆ ನಾನು ಬರೆದ ಇಮೇಲ್‌ಗಳು ತಮ್ಮ ಇನ್‌ಬಾಕ್ಸಿನಲ್ಲಿ ಇವತ್ತಿಗೂ ದಪ್ಪಕ್ಷರದಲ್ಲೇ ಇರಬೇಕು. ಜುಲೈಯಲ್ಲಿ ತಮ್ಮ ಟಿಕೆಟ್ ಬಂತು: ‘ನಾವು ಏನೂ ಮುಟ್ಟಿಲ್ಲ, ಆದರೂ ಕೆಟ್ಟಿದೆ.’ ಆ ಸಲ ತಾವು ಹೇಳಿದ್ದು ಅಪ್ಪಟ ಸತ್ಯ. ಮುಟ್ಟದೇ ಇದ್ದದ್ದರಿಂದಲೇ ಕೆಟ್ಟಿತ್ತು.

ಅಪ್‌ಡೇಟ್ ಎಂದರೆ ತಮಗೆ ಭಯ, ಒಪ್ಪುತ್ತೇನೆ. ‘ನಡೀತಿರೋದನ್ನ ಯಾಕೆ ಕೆದಕಬೇಕು’ ಎನ್ನುತ್ತೀರಿ. ಮಜೆಂಟೊ ಎಂಬ ಇನ್ನೊಂದು ಅಂಗಡಿ ಸಾಫ್ಟ್‌ವೇರಿನ ಮೊದಲ ಪೀಳಿಗೆ ಬಂದದ್ದು 2008ರಲ್ಲಿ. ಅದಕ್ಕೆ ಸುರಕ್ಷಾ ತೇಪೆ ಹಾಕುವುದನ್ನು 2020ರ ಜೂನ್ 30ಕ್ಕೆ ನಿಲ್ಲಿಸುತ್ತೇವೆಂದು ಬಹಳ ಮೊದಲೇ ಸಾರಿದ್ದರು. ನಡೆಯುತ್ತಿದೆಯಲ್ಲ ಎಂದು ಸಾವಿರಾರು ಅಂಗಡಿಯವರು ಕೆದಕಲಿಲ್ಲ. ಸೆಪ್ಟೆಂಬರಿನ ಒಂದೇ ವಾರಾಂತ್ಯದಲ್ಲಿ ಸುಮಾರು ಎರಡು ಸಾವಿರ ಅಂಗಡಿಗಳಿಗೆ ಕನ್ನ ಬಿತ್ತು. ಚೆಕ್‌ಔಟ್ ಪುಟದಲ್ಲಿ ಗಿರಾಕಿ ಟೈಪಿಸಿದ ಕಾರ್ಡ್ ವಿವರ ನೇರ ಕಳ್ಳರ ಕೈಗೆ. ಅಂಗಡಿ ಮಾತ್ರ ಚೆನ್ನಾಗಿಯೇ ನಡೆಯುತ್ತಿತ್ತು.

ತಮ್ಮ ಹಬ್ಬದ ರಿಯಾಯಿತಿಯ ದೂರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಕೊಡದೇ ಇದ್ದದ್ದು ಸೋಮಾರಿತನದಿಂದಲ್ಲ, ಸಂಕೋಚದಿಂದ. ಭಾನುವಾರ ರಾತ್ರಿ ಹನ್ನೆರಡಕ್ಕೆ ಮುಗಿಯಬೇಕಿದ್ದ ರಿಯಾಯಿತಿ ಬೆಳಿಗ್ಗೆಯಾದರೂ ಮುಗಿದಿರಲಿಲ್ಲ, ಮೊದಲ ಗಿರಾಕಿಗೆ ರಿಯಾಯಿತಿ ದರಕ್ಕೇ ಸೀರೆ ಹೋಯಿತು ಎಂದು ಕೆಂಡವಾಗಿದ್ದೀರಿ. ಕಾರಣ ಎರಡು. ಸೆಟ್ಟಿಂಗ್ಸ್‌ನಲ್ಲಿ ಕಾಲವಲಯವನ್ನು ಕೋಲ್ಕತಾಗೆ ಬದಲಿಸದೆ ಯುಟಿಸಿಯಲ್ಲೇ ಬಿಟ್ಟಿದ್ದೀರಿ, ಅದರ ಮಧ್ಯರಾತ್ರಿ ನಮಗೆ ಬೆಳಗಿನ ಐದೂವರೆ. ಇದನ್ನು ಹೇಳಬಹುದು. ಎರಡನೆಯದನ್ನು ಹೇಗೆ ಹೇಳಲಿ? ವೂಕಾಮರ್ಸ್‌ಗೆ ಆಧಾರವಾದ ವರ್ಡ್‌ಪ್ರೆಸ್ ತನ್ನ ನಿಗದಿತ ಕೆಲಸಗಳನ್ನು ಗಡಿಯಾರ ನೋಡಿಕೊಂಡು ಮಾಡುವುದಿಲ್ಲ. ಯಾರಾದರೂ ಸೈಟಿಗೆ ಬಂದಾಗ, ಬಂದರಲ್ಲ ಎಂದು ಎದ್ದು, ಬಾಕಿ ಕೆಲಸ ಮುಗಿಸುತ್ತದೆ. ಸರ್ವರ್‌ನಲ್ಲಿ ಬೇರೆ ಏರ್ಪಾಡು ಮಾಡಿಕೊಳ್ಳದಿದ್ದರೆ ಇದೇ ಅದರ ಪದ್ಧತಿ. ಐದೂವರೆಯಿಂದ ಒಂಬತ್ತರವರೆಗೆ ತಮ್ಮ ಅಂಗಡಿಗೆ ನರಪಿಳ್ಳೆಯೂ ಬರಲಿಲ್ಲ ಸಾಹುಕಾರರೇ. ಒಂಬತ್ತಕ್ಕೆ ಬಂದ ಬೋಣಿ ಗಿರಾಕಿಯೇ ರಿಯಾಯಿತಿಯನ್ನು ಎಬ್ಬಿಸಿ ಕಳಿಸಿದ್ದು, ಅಷ್ಟರಲ್ಲಿ ಅವರಿಗೆ ರಿಯಾಯಿತಿ ದರ ಕಂಡಾಗಿತ್ತು. ಟಿಕೆಟಿಗೆ ನಾನು ಬರೆದದ್ದು ‘ತಾಂತ್ರಿಕ ಕಾರಣ’ ಎಂದಷ್ಟೆ. ಅದನ್ನು ನನ್ನ ಸೌಜನ್ಯ ಎಂದು ಓದಿಕೊಳ್ಳಬೇಕು.

ಹೀಗೆ ತಮ್ಮ ಕಾಲೆಳೆಯುತ್ತಲೇ ಒಂದು ದೂರಿನಲ್ಲಿ ನೂರಕ್ಕೆ ನೂರು ನ್ಯಾಯ ತಮ್ಮ ಕಡೆ ಇದೆ ಎಂದು ಹೇಳದಿದ್ದರೆ ತಪ್ಪಾದೀತು. ಬಿಲ್ಲಿನ ಕನ್ನಡ. ಅಂಗಡಿಯ ಹೆಸರಲ್ಲಿ ‘ಲಕ್ಷ್ಮಿ’ ಇದ್ದರೆ ಸೈಟಿನಲ್ಲಿ ಲಕ್ಷ್ಮಿಯಾಗಿಯೇ ಕಾಣುತ್ತದೆ. ಪಿಡಿಎಫ್ ಬಿಲ್ಲಿನಲ್ಲಿ ‘ಲಕ್‌ಷ್‌ಮಿ’ ಆಗುತ್ತದೆ, ಒತ್ತಕ್ಷರಗಳೆಲ್ಲ ಕೆಳಗಿನ ಮನೆ ಖಾಲಿ ಮಾಡಿ ಸಾಲಿಗೆ ಬಂದು ನಿಲ್ಲುತ್ತವೆ. ಡೇಟಾಬೇಸಿನಲ್ಲಿ ಅಕ್ಷರ ಸರಿಯಾಗಿಯೇ ಇದೆ. ಒತ್ತು ಎಲ್ಲಿ ಕೂರಬೇಕು ಎಂದು ಬ್ರೌಸರಿಗೆ ಗೊತ್ತು, ಪಿಡಿಎಫ್ ಮಾಡುವ ಅಗ್ಗದ ಲೈಬ್ರರಿಗಳಿಗೆ ಗೊತ್ತಿಲ್ಲ. ಅವು ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಕೈತೊಳೆದುಕೊಳ್ಳುತ್ತವೆ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿದೆ. ಇವತ್ತಿಗೂ ಬಿಲ್ಲಿನಲ್ಲಿ ಒಂದು ಕ್ಷಕ್ಕೆ ಮಕಾರದ ಒತ್ತು ಕೊಡಿಸಲು ನಾನು ನಾಲ್ಕು ಕಂಪನಿಗಳಿಗೆ ಪತ್ರ ಬರೆಯಬೇಕು. ‘ಇಂಗ್ಲಿಷಲ್ಲೇ ಹಾಕ್ಕೊಳ್ಳಿ ಸಾರ್’ ಎಂದು ತಮಗೆ ಹೇಳಿಕೊಡುವಂತೆ ನಮ್ಮ ಕಂಪನಿಯ ಸಿದ್ಧ ಉತ್ತರಗಳ ಪಟ್ಟಿಯಲ್ಲಿದೆ. ಆ ಉತ್ತರವನ್ನು ನಾನು ಬಳಸುವುದಿಲ್ಲ.

ರೂಪಾಯಿ ಚಿಹ್ನೆಯದೂ ಇದೇ ಪಾಡು. ಸರ್ಕಾರ ಒಪ್ಪಿದ್ದು 2010ರ ಜುಲೈಯಲ್ಲಿ, ಅದೇ ವರ್ಷ ಯೂನಿಕೋಡಿಗೂ ಸೇರಿತು. ಬಿಲ್ಲಿನ ಫಾಂಟಿಗೆ ಇನ್ನೂ ಸೇರಿಲ್ಲ. ‘?1,850’ ಎಂದು ಅಚ್ಚಾದ ಬಿಲ್ ನೋಡಿ ಗಿರಾಕಿಯೊಬ್ಬರು, ದರದ ಹಿಂದೆ ಪ್ರಶ್ನಾರ್ಥಕ ಇರುವುದರಿಂದ ಚೌಕಾಸಿಗೆ ಅವಕಾಶ ಇದೆಯೇ ಎಂದು ಕೇಳಿದ್ದನ್ನು ತಾವು ನನಗೆ ಫಾರ್ವರ್ಡ್ ಮಾಡಿದಿರಿ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಓದಿದ ಅತ್ಯಂತ ಬುದ್ಧಿವಂತ ಟಿಕೆಟ್ ಅದು.

ನಮ್ಮ ಕಂಪನಿಯ ಗುಣಗಾನವನ್ನೂ ಎರಡು ಸಾಲಲ್ಲಿ ಮುಗಿಸುತ್ತೇನೆ. ಟಿಕೆಟ್ ಬಂದ ಹದಿನೈದು ನಿಮಿಷದೊಳಗೆ ಉತ್ತರ ಹೋಗಬೇಕು ಎಂಬುದು ನಿಯಮ. ಪರಿಹಾರ ಹೋಗಬೇಕು ಎಂದು ಎಲ್ಲೂ ಬರೆದಿಲ್ಲ. ಹಾಗಾಗಿ ಹದಿನಾಲ್ಕನೇ ನಿಮಿಷಕ್ಕೆ ‘ಕ್ಯಾಶ್ ಕ್ಲಿಯರ್ ಮಾಡಿ, ಇನ್‌ಕಾಗ್ನಿಟೊದಲ್ಲಿ ನೋಡಿ’ ಎಂದು ಕಳಿಸಿ ನಾನು ಚಹಾಕ್ಕೆ ಹೋಗುತ್ತೇನೆ. ಈಚೆಗೆ ಒಂದು ಚಾಟ್‌ಬಾಟ್ ತಂದು ಕೂರಿಸಿದ್ದಾರೆ, ಅದು ಮೊದಲ ಸೆಕೆಂಡಿನಲ್ಲೇ ಕ್ಷಮೆ ಕೇಳುತ್ತದೆ, ಚಹಾಕ್ಕೂ ಹೋಗುವುದಿಲ್ಲ. ತಾವು ಅದಕ್ಕೆ ಐದು ಸ್ಟಾರ್ ಕೊಟ್ಟಿದ್ದನ್ನು ನೋಡಿದೆ. ನನಗೆ ಒಂದು. ಷರಾ: ‘ಹುಡುಗ ಒಳ್ಳೆಯವನು, ಆದರೆ ಬ್ಯಾಂಕಿನವರು ದುಡ್ಡು ವಾಪಸ್ ಹಾಕಿಲ್ಲ.’

ಆದಕಾರಣ ತಮ್ಮಲ್ಲಿ ಅರಿಕೆ. ಮುಂದಿನ ಟಿಕೆಟಿನಲ್ಲಿ ಆರ್ಡರ್ ನಂಬರ್ ಇರಲಿ. ಎರರ್ ಮೆಸೇಜ್ ಪೂರ್ತಿ ಕಾಣುವ ಸ್ಕ್ರೀನ್‌ಶಾಟ್ ಇರಲಿ, ಕೋಡುಬಳೆ ಇದ್ದರೂ ಅಡ್ಡಿಯಿಲ್ಲ. ಹಿಂದಿನ ಎರಡು ದಿನ ಯಾರು ಏನು ಹಾಕಿದರು, ಏನು ತೆಗೆದರು ಎಂಬುದನ್ನು ಮೊದಲ ಸಾಲಲ್ಲೇ ಬರೆಯಿರಿ. ಅಡ್ಮಿನ್ ಪಾಸ್‌ವರ್ಡನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ, ನನಗೂ ಕಳಿಸಬೇಡಿ. ಅಪ್‌ಡೇಟಿಗೆ ಮುಂಚೆ ಬ್ಯಾಕಪ್ ತೆಗೆದು, ಅಂಗಡಿಯ ಪಡಿಯಚ್ಚು ಒಂದರಲ್ಲಿ ಮೊದಲು ಪರೀಕ್ಷಿಸಿ, ಆಮೇಲೆ ನಿಜವಾದ ಅಂಗಡಿಗೆ ಹಾಕಿಸಿ. ಮತ್ತೆ ಅಕ್ಕನ ಮಗನನ್ನು ‘ಶಾಪ್ ಮ್ಯಾನೇಜರ್’ ಎಂಬ ಪದವಿಗೆ ಏರಿಸಿ. ಹೆಸರು ಅಡ್ಮಿನ್‌ಗಿಂತ ದೊಡ್ಡದಾಗಿ ಕೇಳುತ್ತದೆ, ಅವನಿಗೂ ಖುಷಿಯಾಗುತ್ತದೆ. ಆರ್ಡರ್ ನೋಡಬಹುದು, ಸೀರೆಯ ಫೋಟೋ ಏರಿಸಬಹುದು, ದರ ತಿದ್ದಬಹುದು. ಪ್ಲಗಿನ್ ಹಾಕಲು ಬರುವುದಿಲ್ಲ. ಈ ಕೆಲಸ ಮಾತ್ರ ದಯವಿಟ್ಟು ಇವತ್ತೇ, ಅವನು ಕಾಲೇಜಿನಿಂದ ಬರುವುದರೊಳಗೆ ಮಾಡಿ ಮುಗಿಸಿ.

ಇತಿ ತಮ್ಮ ವಿಧೇಯ,
ಸಪೋರ್ಟ್ ಡೆಸ್ಕ್, ಬೆಳಗಿನ ಪಾಳಿ