ಸ್ನೇಹಿತರೊಬ್ಬರ ಮೂಲವ್ಯಾಧಿ

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ ಮೂಲವ್ಯಾಧಿ ಯಾರಿಗೂ ಇಲ್ಲ. ಇರುವುದೆಲ್ಲ ಅವರ ಸ್ನೇಹಿತರಿಗೆ. ಈ ವಿಷಯದಲ್ಲಿ ನಾನು ತಜ್ಞ. ಪದವಿ ಕೇಳಬೇಡಿ, ಹುಣಸೂರಿನಿಂದ ಇಲ್ಲಿಯವರೆಗೆ ಬಸ್ಸಿನ ಕಿಟಕಿಯಲ್ಲಿ ಮೂಲವ್ಯಾಧಿ ವೈದ್ಯರ ಗೋಡೆಬರಹ ಓದಿ ಸಂಪಾದಿಸಿದ ವಿದ್ಯೆ.

ಮೊದಲಿಗೆ ರೋಗದ ಭೂಗೋಳ. ಕೊಪ್ಪದ ರೋಗಿ ಕೊಪ್ಪದಲ್ಲಿ ಮುಲಾಮು ಕೊಳ್ಳುವುದಿಲ್ಲ. ಕಾವೇರಿ ಸೇತುವೆ ದಾಟಿ, ಜಿಲ್ಲೆಯನ್ನೇ ಬದಲಿಸಿ, ಕುಶಾಲನಗರದಲ್ಲಿ ಕೊಳ್ಳುತ್ತಾನೆ. ಅದೇ ಹೊತ್ತಿಗೆ ಕುಶಾಲನಗರದವನು ಈಚೆ ಬರುತ್ತಿರುತ್ತಾನೆ. ಸೇತುವೆ ಮೇಲೆ ಎದುರಾದರೆ ಇಬ್ಬರೂ ಸಂತೆಗೆ ಹೊರಟವರೇ. ಮೆಡಿಕಲ್ ಸ್ಟೋರಿನ ಮಾತು ಎರಡು ದಡದಲ್ಲೂ ಒಂದೇ:

“ಅಣ್ಣ, ನಂಗಲ್ಲ, ನಮ್ ಸ್ನೇಹಿತರೊಬ್ರಿಗೆ...”

“ಅವ್ರಿಗೆ ಕೂರೋಕಾಗುತ್ತಾ?”

“ಎಲ್ಲಣ್ಣ, ಬೆಳಗ್ಗೆಯಿಂದ ನಿಂತೇ ಇವ್ನಿ.”

ಡಾಕ್ಟರುಗಳು ಒಳಗಿನ ಮೂಲವ್ಯಾಧಿಗೆ 4 ಹಂತ ಹೇಳುತ್ತಾರೆ. ಮೊದಲನೆಯದರಲ್ಲಿ ರಕ್ತ ಬಿದ್ದೀತು, ಗಂಟು ಹೊರಗೆ ಬರದು. ಎರಡನೆಯದರಲ್ಲಿ ತಿಣುಕಿದಾಗ ಹೊರಬಂದು ತಾನೇ ಒಳಹೋಗುತ್ತದೆ. ಮೂರನೆಯದರಲ್ಲಿ ಬೆರಳಿನಿಂದ ತಳ್ಳಬೇಕು. ನಾಲ್ಕನೆಯದರಲ್ಲಿ ತಳ್ಳಿದರೂ ಹೋಗದು. ಚೀಟಿಯಲ್ಲಿ ‘3, 7, 11 ಗಂಟೆ’ ಎಂದಿದ್ದರೆ ಅದು ಮಾತ್ರೆ ನುಂಗುವ ಹೊತ್ತಲ್ಲ, ಗಡಿಯಾರದ ಲೆಕ್ಕದಲ್ಲಿ ಗಂಟು ಇರುವ ಜಾಗ.

ನಮ್ಮ ಸೀಮೆಯ ಹಂತಗಳು ಬೇರೆ. ಒಂದು, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೆ ‘ಇಲ್ಲೇ ಇಳೀತೀನಿ’ ಎಂದು ಮೈಸೂರಿನವರೆಗೆ ನಿಲ್ಲುವುದು. ಎರಡು, ಬೀಗರೂಟದಲ್ಲಿ ಮುದ್ದೆಯಿಂದ ಅನ್ನದವರೆಗೆ ಒಂದೇ ಅಂಡಿನ ಮೇಲೆ ಸಾಗುವುದು. ಮೂರು, ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮುಂದೆ ರಾತ್ರಿಯಿಡೀ ಸೌದೆ ಹಾಕಿ, ‘ಉಷ್ಣ ಆಗ್ಬಿಟ್ಟಿದೆ’ ಎಂದು ಘೋಷಿಸುವುದು. ನಾಲ್ಕು, ಗೋಡೆಯ ಮೇಲಿನ ಫೋನ್ ನಂಬರ್ ಬರೆದುಕೊಳ್ಳುವುದು. ನಾಲ್ಕನೆಯದೇ ಅಪಾಯದ ಹಂತ.

ಕಾರಣ ಕೇಳಿದರೆ ಬದನೆಕಾಯಿ, ಕೋಳಿ ಸಾರು, ಬ್ಯಾರನ್ ಕಾವು ಎನ್ನುತ್ತಾರೆ. ಬದನೆಕಾಯಿ ನಿರಪರಾಧಿ. ಗುದದ್ವಾರದ ಒಳಗೆ ರಕ್ತನಾಳಗಳ ಮೆತ್ತೆ ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತದೆ. ಮಲಬದ್ಧತೆ, ತಿಣುಕುವುದು, ಗರ್ಭ ಧರಿಸಿದಾಗಿನ ಒತ್ತಡ, ಇವು ಅದನ್ನು ಊದಿಸಿ ಜಾರಿಸುತ್ತವೆ. ಬಾಸ್ಟನ್ನಿನ ಆಸ್ಪತ್ರೆಯೊಂದರ ಅಧ್ಯಯನ 2025ರಲ್ಲಿ ಪ್ರಕಟವಾಯಿತು: ಕಕ್ಕಸಿನಲ್ಲಿ ಮೊಬೈಲ್ ನೋಡುವವರಲ್ಲಿ ಮೂಲವ್ಯಾಧಿಯ ಸಾಧ್ಯತೆ 46% ಹೆಚ್ಚು. ಚೆಂಬು ಒಯ್ಯುತ್ತಿದ್ದ ಕಾಲದಲ್ಲಿ ಯಾರೂ ಚೆಂಬನ್ನು ಅರ್ಧ ಗಂಟೆ ನೋಡುತ್ತಾ ಕೂತಿರಲಿಲ್ಲ.

ಚಿಕಿತ್ಸೆ ಬಹಳ ಸಪ್ಪೆ. ರಾಗಿ ಮುದ್ದೆ, ಸೊಪ್ಪಿನ ಸಾರು, ಬೇಕಾದಷ್ಟು ನೀರು, ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹತ್ತು-ಹದಿನೈದು ನಿಮಿಷ. ಅದಕ್ಕೂ ಬಗ್ಗದಿದ್ದರೆ ಸರ್ಜನ್ ಗಂಟಿನ ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ರಕ್ತ ಸಿಗದೆ ಅದು ಕೆಲವೇ ದಿನಗಳಲ್ಲಿ ಉದುರುತ್ತದೆ. ಆಯುರ್ವೇದದ ಕ್ಷಾರಸೂತ್ರ ಎಂಬ ಮದ್ದಿನ ದಾರಕ್ಕಂತೂ ಕಳ್ಳಿ ಹಾಲು, ಉತ್ತರಾಣಿಯ ಕ್ಷಾರ, ಅರಿಶಿನ ಎಲ್ಲ ಸೇರಿ 21 ಲೇಪ ಆಗಬೇಕು, ಪ್ರತಿ ಲೇಪವೂ ಒಣಗಬೇಕು. ಗೋಡೆಯ ವೈದ್ಯನಿಗೆ ಅಷ್ಟು ತಾಳ್ಮೆಯಿಲ್ಲ. ‘ಆಪರೇಷನ್ ಇಲ್ಲ, ಒಂದೇ ದಿನ, ಗ್ಯಾರಂಟಿ’. ಗ್ಯಾರಂಟಿ ಕೈಕೊಟ್ಟರೂ ಯಾರೂ ದೂರು ಕೊಡುವುದಿಲ್ಲ, ದೂರಿನಲ್ಲಿ ಜಾಗದ ಹೆಸರು ಬರೆಯಬೇಕಲ್ಲ. ಆ ನಾಚಿಕೆಯೇ ಅವನ ಬಂಡವಾಳ.

ರಕ್ತ ಕಂಡರೆ ಪಿರಿಯಾಪಟ್ಟಣದ ತಾಲ್ಲೂಕು ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಿ ತೋರಿಸಿ. ಕರುಳಿನ ಕ್ಯಾನ್ಸರ್‌ನಲ್ಲೂ ರಕ್ತ ಹೀಗೆಯೇ ಕಾಣಿಸಿಕೊಳ್ಳಬಹುದು. ಕೈಗವಸು ನೋಡಿ ಗಾಬರಿಯಾಗಬೇಡಿ, ಬೆರಳಿನ ಪರೀಕ್ಷೆ ಒಂದು ನಿಮಿಷದ ಕೆಲಸ.