ಸೀದ ಸಾಸಿವೆ, ತೆವಳುವ ಹಿಕ್ಕೆ

ಒಗ್ಗರಣೆಗೆಂದು ಕರಿಬೇವು ಕೀಳಲು ಹಿತ್ತಲಿಗೆ ಹೋದವರು ಮೊಬೈಲ್ ಹಿಡಿದು ಅಲ್ಲೇ ಕುಕ್ಕರಗಾಲಲ್ಲಿ ಕೂತರೆ, ಒಳಗೆ ಸಾಸಿವೆ ಸೀಯದೆ ಇನ್ನೇನಾದೀತು? ಆದರೆ ಎಲೆಯ ಮೇಲಿನ ಹಕ್ಕಿ ಹಿಕ್ಕೆ ತೆವಳತೊಡಗಿದರೆ ಪಾಪ, ಅವರಾದರೂ ಏನು ಮಾಡಿಯಾರು!

ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು. ಹಿಕ್ಕೆ ತಿನ್ನಲು ಯಾವ ಹಕ್ಕಿಯೂ ಬಾರದೆಂಬುದೇ ಅದರ ಧೈರ್ಯ. ಬೆಳೆದ ಮೇಲೆ ಎಲೆಹಸಿರು ತೊಡುತ್ತದೆ. ಆಗ ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಚಾಚಿ ಘಾಟು ಬಿಡುತ್ತದೆ. ಸದ್ಯ, ಫೋಟೋಗೆ ವಾಸನೆಯಿಲ್ಲ.

ಹೆಣ್ಣು ಚಿಟ್ಟೆಗಳದ್ದು ಇನ್ನೂ ದೊಡ್ಡ ನಾಟಕ. ಕೆಲವು ಗಂಡಿನಂತೆಯೇ ಇರುತ್ತವೆ. ಇನ್ನು ಕೆಲವು, ಹಕ್ಕಿಗಳು ಮುಟ್ಟಲು ಹಿಂಜರಿಯುವ ಕ್ರಿಮ್ಸನ್ ರೋಸ್ ಚಿಟ್ಟೆಯ ವೇಷ ಹಾಕುತ್ತವೆ.

ಗಿಡಕ್ಕೆ ಔಷಧಿ ಹೊಡೆಯುವ ಮುನ್ನ ಒಂದು ಫೋಟೋ ತೆಗೆದು ನೋಡಿ. ಒಗ್ಗರಣೆಗೆ ನಾಲ್ಕೆಲೆ ಪಕ್ಕದ ಮನೆಯಿಂದ ತಂದರಾಯಿತು.